ಮೂಗಿಗಿಂತ ಮೂಗುತಿ ಭಾರ

ಹತ್ತು ಸಾವಿರದ ಎಲೆಕ್ಟ್ರಿಕ್ ಗಿಟಾರಿಗೆ ಅಷ್ಟೇ ಬೆಲೆಯ ಪಿಕಪ್ ಹಾಕಿಸುವ ಉತ್ಸಾಹಿಗಳಿದ್ದಾರೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಅತಿ ಸಣ್ಣ ತಾಮ್ರದೆಳೆಯನ್ನು ಸಾವಿರಾರು ಸುತ್ತು ಸುತ್ತಿದ್ದು. ಉಕ್ಕಿನ ತಂತಿ ಅದುರಿದ್ದನ್ನು ಆಂಪ್ಲಿಫೈಯರಿಗೆ ಚಾಡಿ ಹೇಳುವುದಷ್ಟೇ ಅದರ ಕೆಲಸ. ಬಿರಡೆ ಜಾರಿ ಶ್ರುತಿ ನಿಲ್ಲದಿದ್ದರೆ ದುಬಾರಿ ಪಿಕಪ್ಪು ಅಪಶ್ರುತಿಯನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳೀತು! ಅಗ್ಗದ್ದೆಲ್ಲ ಕೆಟ್ಟದ್ದು ಎನ್ನುವವರು ಅಮೆರಿಕದ ಡ್ಯಾನೆಲೆಕ್ಟ್ರೊ ನೋಡಬೇಕು: 1950ರ ದಶಕದ ಆ ಅಗ್ಗದ ಗಿಟಾರಿನ ಪಿಕಪ್ ಕೂತಿದ್ದು ಲಿಪ್‌ಸ್ಟಿಕ್ ಕೊಳವೆಯೊಳಗೆ; ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಜಿಮ್ಮಿ ಪೇಜ್ ಡ್ಯಾನೆಲೆಕ್ಟ್ರೊ ಹಿಡಿದೇ ವೇದಿಕೆ ಹತ್ತಿದ. "ಪಿಕಪ್ಪಿನ ಗುಂಯ್‌ಗುಡುವ ಸದ್ದಿಗೇನು ಮಾಡೋಣ?" ಎಂದರೆ, ಆ ತಕರಾರು ನ್ಯಾಯವಾದದ್ದೇ, ಆ ಕಾಟ ತಪ್ಪಿಸಲೆಂದೇ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಹಂಬಕರ್ ಎಂಬ ಪಿಕಪ್ ರೂಪಿಸಿದ. ಬಿರಡೆ, ಫ್ರೆಟ್ಟು ನೆಟ್ಟಗಿದ್ದೂ ಗುಂಯ್ ನಿಲ್ಲದಿದ್ದರೆ ಅದನ್ನು ಹಾಕಿಸಿ. ಧ್ವನಿ ಬರೀ ಮಂಕಾಗಿದ್ದರೆ ಮೊದಲು ಸ್ಕ್ರೂಡ್ರೈವರಿನಿಂದ ಪಿಕಪ್ಪನ್ನು ತುಸು ಏರಿಸಿ ನೋಡಿ. ಅದಕ್ಕೆ ಬಿಲ್ಲು ಬರುವುದಿಲ್ಲ.