ಬೀದಿ ಊರಿನದು, ಫೋಟೋ ನಿಮ್ಮದು, ಷರತ್ತು ಅವರದು

ರಸ್ತೆ ಸಾರ್ವಜನಿಕರದ್ದು. ಮೊಬೈಲು ನಿಮ್ಮ ದುಡ್ಡಿನದು. ಸುಟ್ಟ ಪೆಟ್ರೋಲು, ಕುಡಿದ ಧೂಳು, ಅಟ್ಟಿಸಿಕೊಂಡು ಬಂದ ನಾಯಿ ಎಲ್ಲವೂ ನಿಮ್ಮ ಪಾಲಿನವೇ. ಹಾಗಾದರೆ ಆ ರಸ್ತೆಯ ಫೋಟೋ ಯಾರದ್ದು? 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಕೇಳಿದರೆ, ತೆಗೆದವನದ್ದು ಎನ್ನುತ್ತದೆ. ನೀವು ಅದನ್ನು ಕಳಿಸುವ ಬೀದಿಫೋಟೋ ಕಂಪನಿಯನ್ನು ಕೇಳಿದರೆ ಅದೂ ಹಾಗೇ ಅನ್ನುತ್ತದೆ, ಇನ್ನಷ್ಟು ವಿನಯದಿಂದ. ಫೋಟೋದ ಹಕ್ಕು ನಿಮ್ಮದೇ ಎಂಬ ಮಾತು ಷರತ್ತು ಪತ್ರದಲ್ಲಿ ಕಣ್ಣಿಗೆ ಬೀಳುವ ಜಾಗದಲ್ಲೇ ಇರುತ್ತದೆ. ಅದನ್ನು ಸಂಭಾವನೆಯಿಲ್ಲದೆ, ಜಗತ್ತಿನ ಯಾವ ಮೂಲೆಯಲ್ಲಾದರೂ ಬಳಸುವ ಪರವಾನಗಿಯನ್ನು ನೀವು ಕಂಪನಿಗೆ ಕೊಟ್ಟಿದ್ದೀರಿ ಎಂಬುದು ಅದರ ಕೆಳಗೆಲ್ಲೋ ಇರುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಹೆಬ್ಬೆರಳು 'ಒಪ್ಪಿದೆ' ಎಂಬುದನ್ನು ಒತ್ತಿ ಆಗಿರುತ್ತದೆ. ಓದದೆ ಹೆಬ್ಬೆಟ್ಟು ಒತ್ತುವುದರಲ್ಲಿ ನಮ್ಮ ಹಿರಿಯರಿಗೂ ಒಳ್ಳೆಯ ಅನುಭವವಿತ್ತು. ಅವರಿಗೆ ಕನಿಷ್ಠ ಸಾಲವಾದರೂ ಸಿಗುತ್ತಿತ್ತು.

ಮ್ಯಾಪಿನ ಈ ಲೋಕ ಗೊತ್ತಿಲ್ಲದವರಿಗೆ ಎರಡು ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಜನರೇ ಕೂಡಿ ಬರೆಯುತ್ತಿರುವ ನಕ್ಷೆ. ಇಂಗ್ಲೆಂಡಿನ ಸ್ಟೀವ್ ಕೋಸ್ಟ್ 2004ರಲ್ಲಿ ಶುರುಮಾಡಿದ್ದು. ಉಪಗ್ರಹದ ಚಿತ್ರ ನೋಡಿ ರಸ್ತೆಯ ಗೆರೆ ಎಳೆಯಬಹುದು, ಮನೆಯ ಚೌಕ ಬರೆಯಬಹುದು. ಆದರೆ ಅಂಗಡಿಯ ಬೋರ್ಡು, ಒನ್‌ವೇ ಫಲಕ, ರಾತ್ರೋರಾತ್ರಿ ಎದ್ದ ಹಂಪು, ಬಸ್‌ಸ್ಟಾಪಿನ ಹೆಸರು ಆಕಾಶದಿಂದ ಕಾಣುವುದಿಲ್ಲ. ಅದಕ್ಕೆ ಬೀದಿಗಿಳಿದು ತೆಗೆದ ಫೋಟೋ ಬೇಕು. ಸ್ವೀಡನ್ನಿನ ಮಾಲ್ಮೋದಲ್ಲಿ 2013ರಲ್ಲಿ ಹುಟ್ಟಿದ ಮ್ಯಾಪಿಲರಿ ಈ ಫೋಟೋಗಳನ್ನು ಕೂಡಿಡುವ ಅಂಗಡಿ. ಕಾರ್ಟಾವ್ಯೂ ಇನ್ನೊಂದು. ಅದರ ಹೆಸರು ಮೊದಲು ಓಪನ್‌ಸ್ಟ್ರೀಟ್‌ವ್ಯೂ, ಆಮೇಲೆ ಓಪನ್‌ಸ್ಟ್ರೀಟ್‌ಕ್ಯಾಮ್. ಹೆಸರಿನಲ್ಲಿದ್ದ 'ಓಪನ್' ಹೋಯಿತು, 'ಸ್ಟ್ರೀಟ್' ಹೋಯಿತು, ಕೊನೆಗೆ 'ಕಾರ್ಟಾ' ಬಂತು. ಜ್ಯೋತಿಷಿಗಳ ಸಲಹೆ ಇರಲಿಕ್ಕಿಲ್ಲ.

ಫೋಟೋ ತೆಗೆಯುವ ಹುಡುಗ ಹೇಗಿರುತ್ತಾನೆಂದು ತಿಳಿಯಲು ಅವನನ್ನು ಹುಬ್ಬಳ್ಳಿಯ ಯಾವುದಾದರೂ ಓಣಿಗೆ ಬಿಟ್ಟು ನೋಡಿ. ಸ್ಕೂಟರಿನ ಹ್ಯಾಂಡಲ್ಲಿಗೆ ಮೊಬೈಲು ಬಿಗಿದುಕೊಂಡು ಮೆಲ್ಲಗೆ ಬರುತ್ತಾನೆ. ಕಿರಾಣಿ ಅಂಗಡಿಯ ಮಾಲೀಕರು ಅಡ್ಡ ನಿಲ್ಲುತ್ತಾರೆ.

"ಏನಪಾ ತಮ್ಮಾ, ಫೋಟೋ ಯಾಕ ಹೊಡ್ಯಾಕತ್ತಿ? ಕಾರ್ಪೊರೇಷನ್‌ದಾಂವ ಏನು?"

"ಇಲ್ರೀ ಅಣ್ಣಾರ, ಮ್ಯಾಪಿಗೆ."

"ಯಾರ ಮ್ಯಾಪಿಗೆ?"

"ಎಲ್ಲಾರ ಮ್ಯಾಪಿಗೆ."

"ರೊಕ್ಕ ಎಷ್ಟು ಕೊಡ್ತಾರ?"

"ಏನೂ ಕೊಡಂಗಿಲ್ರೀ. ಫ್ರೀ."

"ಅಂದ್ರ ಮ್ಯಾಲಿನಾಂವ ಹೊಡಿತಾನ ಬಿಡು."

ಮ್ಯಾಪಿನ ಪರವಾನಗಿಗಳ ಬಗ್ಗೆ ಬಂದಿರುವ ಉದ್ದುದ್ದ ವ್ಯಾಖ್ಯಾನಗಳಲ್ಲಿ ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ನಾನು ಓದಿಲ್ಲ.

ಈಗ ಪರವಾನಗಿಗೆ ಬರೋಣ. ಎರಡೂ ಅಂಗಡಿಗಳ ಫೋಟೋಗಳು ಕ್ರಿಯೇಟಿವ್ ಕಾಮನ್ಸ್‌ನ ಬೈ-ಎಸ್‌ಎ 4.0 ಎಂಬ ಪರವಾನಗಿಯಲ್ಲಿವೆ. ತೆಗೆದವರ ಹೆಸರು ಹೇಳಿ, ಇದರಿಂದ ಹೊಸದೇನಾದರೂ ಮಾಡಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಿ, ಎಂಬುದು ಅದರ ಸಾರ. ಧರ್ಮವಾದ ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ ಮೊದಲು ಇದೇ ಕುಲದ ಪರವಾನಗಿಯಲ್ಲಿತ್ತು. ಅದು ಫೋಟೋ, ಬರಹಗಳಿಗೆ ಸರಿ, ದತ್ತಾಂಶಕ್ಕೆ ಹೊಂದುವುದಿಲ್ಲ ಎಂದು ವರ್ಷಗಟ್ಟಲೆ ಜಗಳವಾಡಿ, 2012ರ ಸೆಪ್ಟೆಂಬರ್ 12ರಂದು ಓಡಿಬಿಎಲ್ ಎಂಬ ಬೇರೆ ಪರವಾನಗಿಗೆ ದಾಟಿತು. ಒಪ್ಪದವರು ಬರೆದಿದ್ದ ರಸ್ತೆಗಳನ್ನು ಅದೇ ವರ್ಷ ನಕ್ಷೆಯಿಂದ ಅಳಿಸಲಾಯಿತು. ನೆಲದ ಮೇಲೆ ರಸ್ತೆ ಇದ್ದಲ್ಲೇ ಇತ್ತು, ಬಸ್ಸು ಓಡುತ್ತಿತ್ತು. ನಕ್ಷೆಯಲ್ಲಿ ಮಾತ್ರ ಸಹಿ ಇಲ್ಲದ್ದಕ್ಕೆ ರಸ್ತೆ ಕಿತ್ತುಹೋಯಿತು. ನಮ್ಮ ಕಂತ್ರಾಟುದಾರರು ಇದನ್ನು ತಿರುಗಾಮುರುಗಾ ಮಾಡುತ್ತಾರೆ: ಸಹಿ ಎಲ್ಲ ಇರುತ್ತದೆ, ರಸ್ತೆ ಇರುವುದಿಲ್ಲ.

ಹೀಗಾಗಿ ಈಗ ಫೋಟೋದ ಪರವಾನಗಿ, ನಕ್ಷೆಯ ಪರವಾನಗಿ ಎರಡೂ ಮುಕ್ತ, ಎರಡೂ ಉದಾರ, ಆದರೆ ಒಂದರದ್ದು ಇನ್ನೊಂದಕ್ಕೆ ಹಾಗೇ ಸಲ್ಲದು. ಅಕ್ಕಪಕ್ಕದ ಎರಡು ಮನೆಯವರೂ ಮಡಿವಂತರೇ, ಆದರೂ ಒಬ್ಬರು ಮುಟ್ಟಿದ ನೀರು ಇನ್ನೊಬ್ಬರಿಗೆ ಮೈಲಿಗೆ ಎಂಬ ಹಾಗೆ. ಈ ಮೈಲಿಗೆ ಕಳೆಯಲು ಮ್ಯಾಪಿಲರಿ ಪ್ರತ್ಯೇಕ ಅಪ್ಪಣೆ ಬರೆದುಕೊಟ್ಟಿತು: ನಮ್ಮ ಫೋಟೋ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ವಿವರ ತುಂಬಬಹುದು. ಅಪ್ಪಣೆ ಕೊಟ್ಟದ್ದು ಕಂಪನಿ. ಫೋಟೋ ತೆಗೆದವನು ತನ್ನ ಹಕ್ಕನ್ನು ಸಂಪೂರ್ಣವಾಗಿ ಕಾಪಾಡಿಕೊಂಡು ಓಣಿಯಲ್ಲಿ ಸ್ಕೂಟರು ಓಡಿಸುತ್ತಿದ್ದ.

ಗೂಗಲ್ಲಿನ ಕಥೆ ಇದಕ್ಕಿಂತ ಚೆಂದ. ನೀವು ಬಸವೇಶ್ವರ ಖಾನಾವಳಿಯ ಮುಂದೆ ನಿಂತು ಬೋರ್ಡು ಓದಿ, ಹೆಸರನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕಬಹುದು. ಅದೇ ಬೋರ್ಡನ್ನು ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ನೋಡಿ ಹಾಕಿದರೆ ನಕ್ಷೆಯವರು ಅಳಿಸುತ್ತಾರೆ, ಗೂಗಲ್ಲಿನ ಷರತ್ತು ಅದಕ್ಕೆ ಬಿಡುವುದಿಲ್ಲ ಎನ್ನುತ್ತಾರೆ. ಬೋರ್ಡು ಖಾನಾವಳಿಯದ್ದು, ಹೆಸರು ಬಸವಣ್ಣನವರದ್ದು, ರಸ್ತೆ ಪಾಲಿಕೆಯದ್ದು. ಆದರೂ ನೋಟ ಗೂಗಲ್ಲಿನದು. ಮನೆಯಲ್ಲಿ ಕೂತು ಓದಿದ್ದನ್ನು ಶುದ್ಧಿ ಮಾಡಿಕೊಳ್ಳಲು ಅಲ್ಲಿಯವರೆಗೆ ನಡೆದುಹೋಗಿ, ಇನ್ನೊಮ್ಮೆ ಓದಿ, ಬೇಕಿದ್ದರೆ ಒಂದು ರೊಟ್ಟಿ ಊಟವನ್ನೂ ಮಾಡಿ ಬರಬೇಕು. ಖಾನಾವಳಿಯವರಿಗೆ ಈ ನಿಯಮದ ಬಗ್ಗೆ ದೂರಿಲ್ಲ.

ಸರ್ಕಾರದ ಭಯ ಬೇರೆಯೇ ಜಾತಿಯದು. 2011ರಲ್ಲಿ ಗೂಗಲ್ ಬೆಂಗಳೂರಿನಲ್ಲಿ ಕ್ಯಾಮೆರಾ ಕಾರು ಇಳಿಸಿದಾಗ ನಗರ ಪೊಲೀಸರು ಕೆಲವೇ ವಾರಗಳಲ್ಲಿ ನಿಲ್ಲಿಸಿದರು. 2016ರಲ್ಲಿ ಕೇಂದ್ರ ಸರ್ಕಾರವೂ ಬೇಡವೆಂದಿತು. ಅದೇ ವರ್ಷ ಬಂದ ಭೂಪ್ರಾದೇಶಿಕ ಮಾಹಿತಿ ಮಸೂದೆಯ ಕರಡಿನಲ್ಲಿ ಅಪ್ಪಣೆಯಿಲ್ಲದೆ ಸ್ಥಳಮಾಹಿತಿ ಕೂಡಿಸಿದರೆ 100 ಕೋಟಿ ರೂಪಾಯಿವರೆಗೆ ದಂಡ, ಏಳು ವರ್ಷದವರೆಗೆ ಜೈಲು ಎಂದಿತ್ತು. ಪುಣ್ಯಕ್ಕೆ ಅದು ಕಾಯ್ದೆಯಾಗಲಿಲ್ಲ. ಆಗಿದ್ದರೆ, ನಮ್ಮ ಮನೆಗೆ ಬರಬೇಕಾದರೆ ಅರಳೀಕಟ್ಟೆಯ ಎಡಕ್ಕೆ ತಿರುಗಿ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಮುನ್ನ ಹೆಣ್ಣಿನ ತಂದೆ ವಕೀಲರನ್ನು ಕಾಣಬೇಕಿತ್ತು.

ಆಮೇಲೆ ಗಾಳಿ ತಿರುಗಿತು. 2021ರ ಫೆಬ್ರವರಿಯ ಮಾರ್ಗಸೂಚಿಯ ಪ್ರಕಾರ ಬೀದಿನೋಟದ ಸಮೀಕ್ಷೆಯನ್ನು ಭಾರತೀಯರು, ಭಾರತೀಯ ಸಂಸ್ಥೆಗಳು ಮಾತ್ರ ಮಾಡಬಹುದು. 2022ರ ಜುಲೈನಲ್ಲಿ ಟೆಕ್ ಮಹೀಂದ್ರ ಮತ್ತು ಜೆನೆಸಿಸ್ ಕಂಪನಿಗಳ ಕೈಯಲ್ಲಿ ಫೋಟೋ ತೆಗೆಸಿ, ಬೆಂಗಳೂರೂ ಸೇರಿ ಹತ್ತು ಊರುಗಳ ಬೀದಿಗಳನ್ನು ಗೂಗಲ್ ತನ್ನ ಮ್ಯಾಪಿನಲ್ಲಿ ತೋರಿಸಿತು. ಚಾಲಕ ನಮ್ಮವನು, ನೋಡುವ ಕಿಟಕಿ ಅವರದ್ದು, ಭದ್ರತೆಗೆ ಏನೂ ಆಗಲಿಲ್ಲ. ಈ ಗಲಾಟೆಯಲ್ಲಿ ಯಾರ ಕಣ್ಣಿಗೂ ಬೀಳದವನೆಂದರೆ ನಮ್ಮ ಸ್ಕೂಟರಿನ ಹುಡುಗ. ಕಾರಿನ ನೆತ್ತಿಯ ಮೇಲೆ ಕ್ಯಾಮೆರಾ ಇದ್ದರೆ ದೇಶಕ್ಕೆ ಅಪಾಯ, ಹ್ಯಾಂಡಲ್ಲಿನ ಮೇಲಿದ್ದರೆ ಸಮಾಜಸೇವೆ. ಫೋಟೋ ಕೊನೆಗೆ ಸೇರುವ ಕಂಪನಿ ಎಷ್ಟು ದೊಡ್ಡದೆಂದು ಯಾರೂ ಕೇಳುವುದಿಲ್ಲ.

ದೊಡ್ಡದೇ. 2020ರ ಜೂನ್‌ನಲ್ಲಿ ಮ್ಯಾಪಿಲರಿಯನ್ನು ಫೇಸ್‌ಬುಕ್ ಕೊಂಡಿತು. ಅಷ್ಟು ಹೊತ್ತಿಗೆ ಅಲ್ಲಿ ನೂರು ಕೋಟಿಗೂ ಹೆಚ್ಚು ಫೋಟೋ ಇದ್ದವು. ಅದರ ಹಿಂದಿನ ವರ್ಷವೇ ಓಪನ್‌ಸ್ಟ್ರೀಟ್‌ಕ್ಯಾಮ್ ಅನ್ನು ಸಿಂಗಪುರದ ಬಾಡಿಗೆ ಕಾರಿನ ಕಂಪನಿ ಗ್ರ್ಯಾಬ್ ಕೊಂಡಿತ್ತು. ತೆಗೆದವರನ್ನು ಕೇಳಬೇಕಾದ ಅಗತ್ಯ ಬರಲಿಲ್ಲ. ಅವರು ಮೊದಲೇ ಒಪ್ಪಿದ್ದಾರಲ್ಲ. ನ್ಯಾಯ ಹೇಳಬೇಕೆಂದರೆ, ಫೇಸ್‌ಬುಕ್ ಬಂದ ಮೇಲೆ ಮ್ಯಾಪಿಲರಿ ವಾಣಿಜ್ಯ ಬಳಕೆಗೂ ಪುಕ್ಕಟೆಯಾಯಿತು, ಪರವಾನಗಿಯೂ ಮುಕ್ತವಾಗಿಯೇ ಉಳಿಯಿತು. ಫೋಟೋ ಮಾರಿ ಬದುಕುವ ದಾರಿದ್ರ್ಯ ಹೊಸ ಯಜಮಾನರಿಗಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಕೊಡುಗೆದಾರ ಕೊಡುವುದು ಎರಡು ಪರವಾನಗಿ. ಲೋಕಕ್ಕೊಂದು: ಹೆಸರು ಹೇಳು, ಹಂಚಿ ತಿನ್ನು ಎಂಬ ಶಿಸ್ತಿನದು. ಕಂಪನಿಗೊಂದು: ಷರತ್ತು ಪತ್ರದ ಮೂಲಕ ಹೋದದ್ದು, ಹಂಚಿ ತಿನ್ನಬೇಕೆಂಬ ಕಟ್ಟಳೆ ಇಲ್ಲದ್ದು. ಹಾಗಾಗಿ ಇನ್ಯಾರೋ ಬಡ ಸಂಶೋಧಕ ಆ ಫೋಟೋಗಳಿಂದ ಪುಸ್ತಕ ಮಾಡಿದರೆ ತನ್ನ ಪುಸ್ತಕವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕೋ ಏನೋ ಎಂದು ನಿದ್ದೆಗೆಡುತ್ತಾನೆ. ಕಂಪನಿ ಅದೇ ಫೋಟೋಗಳನ್ನು ಬೀದಿ ಗುರುತಿಸಲು ಕಲಿಯುವ ಯಂತ್ರಕ್ಕೆ ಉಣಿಸಿ ಸೊಂಪಾಗಿ ನಿದ್ದೆಮಾಡುತ್ತದೆ. 2017ರಲ್ಲಿ ಮ್ಯಾಪಿಲರಿ 25,000 ಬೀದಿ ಫೋಟೋಗಳನ್ನು ಆರಿಸಿ, ಇದು ಮರ, ಇದು ಕಂಬ, ಇದು ಪಾದಚಾರಿ ಎಂದು ಗುರುತು ಹಾಕಿ ವಿಸ್ತಾಸ್ ಎಂಬ ಸಂಗ್ರಹ ಹೊರತಂದಿತು. ಅದರ ಮೇಲೆ ಬರೆದದ್ದು: ವಾಣಿಜ್ಯ ಬಳಕೆ ಸಲ್ಲದು. ವ್ಯಾಪಾರ ಮಾಡುವ ಕಂಪನಿ ಉಳಿದವರಿಗೆ ಹೇಳಿದ ವೈರಾಗ್ಯೋಪದೇಶ ಅದು.

ಇದು ಒಬ್ಬರ ಚಾಳಿಯಲ್ಲ. ಪೋಕೆಮಾನ್ ಗೋ ಆಡಿಸುತ್ತಿದ್ದ ನಯಾಂಟಿಕ್, ಆಟಗಾರರು ಬೀದಿಯಲ್ಲಿ ತಿರುಗಿ ಸ್ಕ್ಯಾನ್ ಮಾಡಿದ ದೃಶ್ಯಗಳಿಂದ ಜಗತ್ತನ್ನು ಅರಿಯುವ ಯಂತ್ರಮಾದರಿ ಕಟ್ಟುತ್ತಿರುವುದಾಗಿ 2024ರ ನವೆಂಬರ್‌ನಲ್ಲಿ ಹೇಳಿತು. ಮರುವರ್ಷ ಆಟದ ವ್ಯಾಪಾರವನ್ನು 350 ಕೋಟಿ ಡಾಲರಿಗೆ ಮಾರಿತು. ಬೀದಿಯನ್ನು ಮಾತ್ರ ಬೇರೆ ಕಂಪನಿ ಮಾಡಿ ತನ್ನವರ ಕೈಯಲ್ಲೇ ಇಟ್ಟುಕೊಂಡಿತು.

ಫೋಟೋ ತೆಗೆದವನ ಹಕ್ಕಿನ ಬಗ್ಗೆ ಇಷ್ಟು ಹೇಳಿ, ಫೋಟೋದೊಳಗೆ ಸಿಕ್ಕಿಬಿದ್ದವರನ್ನು ಬಿಟ್ಟರೆ ತಪ್ಪಾದೀತು. ಅವರ ಗೌಪ್ಯಕ್ಕಾಗಿ ಕಂಪ್ಯೂಟರು ಮುಖ ಮತ್ತು ನಂಬರ್ ಪ್ಲೇಟುಗಳನ್ನು ಮಸುಕು ಮಾಡುತ್ತದೆ. ಬಹಳ ನಿಷ್ಠೆಯಿಂದ ಮಾಡುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹೊಳೆ ದಂಡೆಯಲ್ಲಿ ಮೇಯುತ್ತಿದ್ದ ಹಸುವಿನ ಮುಖವನ್ನೂ ಗೂಗಲ್ ಮಸುಕು ಮಾಡಿ 2016ರಲ್ಲಿ ಸುದ್ದಿಯಾಗಿತ್ತು. ನಮ್ಮ ಕಡೆ ಯಂತ್ರಕ್ಕೆ ಕೆಲಸ ಹೆಚ್ಚು. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಹುಟ್ಟುಹಬ್ಬದ ನಾಯಕರು, ಶುಭ ಕೋರುವ ಅವರ ಬಳಗ, ಸ್ಟಾಂಪಿನ ಗಾತ್ರದ ವಾರ್ಡು ಪದಾಧಿಕಾರಿಗಳು ಎಂದು ಸಾಲುಸಾಲು ಮುಖ. ಯಂತ್ರಕ್ಕೆ ಪಕ್ಷಭೇದ ತಿಳಿಯದು, ಸಿಕ್ಕವರನ್ನೆಲ್ಲ ಅಳಿಸುತ್ತದೆ. ಲಕ್ಷ ಖರ್ಚು ಮಾಡಿ ಮುಖ ತೋರಿಸಿಕೊಂಡವರ ಗೌಪ್ಯ ಹೀಗೆ ಕ್ಷೇಮವಾಗುತ್ತದೆ. ಫ್ಲೆಕ್ಸಿನ ಕೆಳಗೆ ಎಳೆಕಾಯಿ ಮಾರುವ ಹೆಂಗಸಿನ ಮುಖವೂ ಮಸುಕೇ. ಆದರೆ ಅವಳ ತಳ್ಳುಗಾಡಿ ಸ್ಪಷ್ಟ, ನಿಂತ ಜಾಗದ ಅಕ್ಷಾಂಶ ರೇಖಾಂಶ ಸ್ಪಷ್ಟ, ದಿನಾಂಕ ಸ್ಪಷ್ಟ. ಫುಟ್‌ಪಾತ್ ತೆರವು ಮಾಡಲು ಬರುವ ಲಾರಿಗೆ ಬೇಕಾದದ್ದೂ ಅಷ್ಟೇ. ಮುಖ ಕಟ್ಟಿಕೊಂಡು ಅವರೇನು ಮಾಡುತ್ತಾರೆ? ನಾನು ನೋಡಿದ ಯಾವ ಪರವಾನಗಿಯಲ್ಲೂ ಅವಳಿಗೊಂದು ಕಲಂ ಇಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಫ್ರಾನ್ಸಿನಲ್ಲಿ ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪಿನ ಸ್ವಯಂಸೇವಕರು ಸೇರಿ ಪನೋರಮಾಕ್ಸ್ ಎಂಬ ಏರ್ಪಾಟು ಕಟ್ಟಿದ್ದಾರೆ. ಒಂದೇ ಗೋದಾಮು ಇಲ್ಲ. ಊರಿನ ಆಡಳಿತವೋ ಸಂಘವೋ ತನ್ನದೇ ಸರ್ವರ್ ಇಟ್ಟುಕೊಂಡು, ಯಾವ ಪರವಾನಗಿ ಎಂದು ಬಾಗಿಲಲ್ಲೇ ಬರೆದು, ಉಳಿದವರ ಜೊತೆ ಕೊಂಡಿ ಹಾಕಿಕೊಳ್ಳಬಹುದು. ಒಬ್ಬರು ಮಾರಾಟವಾದರೂ ಊರು ಮಾರಾಟವಾಗುವುದಿಲ್ಲ.

ನಮ್ಮಲ್ಲೂ ಕಾಗದಪತ್ರಕ್ಕೆ ಕೊರತೆಯಿಲ್ಲ. ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ 2017ರಲ್ಲೇ ಗೆಜೆಟ್ಟಿನಲ್ಲಿ ಬಂದಿದೆ. ಜನರ ದುಡ್ಡಿನಲ್ಲಿ ತಯಾರಾದ ಸ್ಥಳಮಾಹಿತಿ ಜನರಿಗೆ ಸುಲಭವಾಗಿ ಸಿಗಬೇಕು ಎಂದು 2021ರ ಮಾರ್ಗಸೂಚಿಯೇ ಹೇಳುತ್ತದೆ. ಕ್ಯಾಮೆರಾಕ್ಕೂ ಕೊರತೆಯಿಲ್ಲ: ಉದ್ಯೋಗ ಖಾತ್ರಿಯಲ್ಲಿ ಕೂಲಿಯವರ ಹಾಜರಿಗೂ ಜಿಪಿಎಸ್ ಫೋಟೋ ಬೇಕು. ಕೆಲವೆಡೆ ಹಳೆ ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆಂದು 2025ರಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಬಡವನನ್ನು ಕಾಯಲು ಇಷ್ಟು ಕ್ಯಾಮೆರಾ ಇಟ್ಟವರಿಗೆ, ಪಾಲಿಕೆ ದುಡ್ಡಿನಲ್ಲಿ ತೆಗೆಸಿದ ರಸ್ತೆ ಫೋಟೋಗಳು ಮುಕ್ತ ಪರವಾನಗಿಯಲ್ಲಿ ಸಿಗತಕ್ಕದ್ದು ಎಂಬ ಒಂದು ಸಾಲನ್ನು ಟೆಂಡರಿನಲ್ಲಿ ಸೇರಿಸುವುದು ಕಷ್ಟವಲ್ಲ.

ಟೆಂಡರು ತಿದ್ದುವವರೆಗೆ ಸ್ಕೂಟರಿನ ತಮ್ಮನಿಗೆ ನನ್ನ ಮಾತು ಇಷ್ಟು. ನೀನು ಕಂಪನಿಗೆ ಕೊಟ್ಟ ಪರವಾನಗಿ ಅವರೊಬ್ಬರಿಗೇ ಮೀಸಲಾದದ್ದಲ್ಲ. ಅದೇ ಫೋಟೋವನ್ನು ಇನ್ನೊಂದು ಕಡೆ, ಇನ್ನೊಂದು ಪರವಾನಗಿಯಲ್ಲಿ, ನಿನ್ನ ಇಷ್ಟದಂತೆ ಕೊಡಬಹುದು. ಆದ್ದರಿಂದ ಅಪ್‌ಲೋಡ್ ಆಯಿತೆಂದು ಮೂಲ ಫೋಟೋಗಳನ್ನು ಮೊಬೈಲಿನಿಂದ ಅಳಿಸಬೇಡ. ಒಂದು ಹಾರ್ಡ್‌ಡಿಸ್ಕು ಕೊಂಡುಕೋ.