ತಪ್ಪು ಡೈನಮೋದ್ದು, ಬೈಗುಳ ಪೆಟ್ರೋಲಿಗೆ

ಗಾಡಿ ಮಿಸ್ಸಿಂಗ್ ಹೊಡೀತಿದೆ ಅಂತ ಬಾಯಿ ತಪ್ಪಿ ಅಂದರೆ ಸಾಕು, ನಮ್ಮ ಚಿಕ್ಕಬಳ್ಳಾಪುರದ ಕಡೆ ಸಲಹೆಗೇನೂ ಬರ ಇಲ್ಲ. ಟೀ ಅಂಗಡಿಯವನು ಪ್ಲಗ್ ಬದಲಾಯಿಸಿ ಅಂತಾನೆ. ಹಾಲಿನ ಡೈರಿ ಹತ್ತಿರ ನಿಂತವರು ಏರ್ ಫಿಲ್ಟರ್ ಕಟ್ಟಿಕೊಂಡಿರಬೇಕು ಅಂತಾರೆ. ದ್ರಾಕ್ಷಿ ತೋಟದವರು ಮಾತ್ರ ಸರ್ಕಾರವನ್ನೇ ಹಿಡಿದು ಜಾಡಿಸ್ತಾರೆ, ಪೆಟ್ರೋಲಿಗೆ ಎಥನಾಲ್ ಬೆರೆಸಿದ ಮೇಲೆ ಇನ್ನೇನಾಗುತ್ತೆ ಹೇಳಿ ಅಂತ. ಕೊನೆಗೆ ಎಲ್ಲರೂ ಒಂದೇ ತೀರ್ಮಾನಕ್ಕೆ ಬರ್ತಾರೆ: "ಒಂದ್ಸಲ ಟ್ಯೂನಿಂಗ್ ಮಾಡಿಸಿಬಿಡಿ." ಇಷ್ಟು ಜನರಲ್ಲಿ ಒಬ್ಬರಾದರೂ ಡೈನಮೋ ಹೆಸರು ಎತ್ತಿದ್ದನ್ನು ನಾನಂತೂ ಕೇಳಿಲ್ಲ. ಪಾಪ, ಅದು ಬ್ಯಾಟರಿಗೂ ಲೈಟಿಗೂ ಸಂಬಂಧಪಟ್ಟದ್ದು, ಇಂಜಿನ್ನಿಗೂ ಅದಕ್ಕೂ ಏನು ನಂಟು ಅನ್ನೋದು ನಮ್ಮೆಲ್ಲರ ಲೆಕ್ಕ, ಅಲ್ವಾ?

ನಮ್ಮ ಪಕ್ಕದ ಮನೆ ಮೇಷ್ಟ್ರ ಕಾರಿನ ಕಥೆ ಕೇಳಿ. ಬೆಂಗಳೂರಿನಿಂದ ಮೊಮ್ಮಕ್ಕಳು ಬಂದರೆ ನಂದಿ ಬೆಟ್ಟಕ್ಕೆ ಕರ್ಕೊಂಡು ಹೋಗಲೇಬೇಕು, ಅದೂ ಸೂರ್ಯ ಹುಟ್ಟೋಕೆ ಮುಂಚೆ. ಸೂರ್ಯ ನಮ್ಮ ಟೆರೇಸಿನ ಮೇಲೂ ಹುಟ್ಟುತ್ತಾನೆ ಅಂದರೆ ಯಾರು ಕೇಳಬೇಕು! ಹೊರಟರು. ತಿರುವಿನ ರಸ್ತೆಯಲ್ಲಿ ಸಾಲುಗಟ್ಟಿದ ಕಾರುಗಳು. ಹೊರಗೆ ಮಂಜು, ಒಳಗೆ ಐದು ಜನರ ಉಸಿರು. ಹೆಡ್‌ಲೈಟ್ ಆನ್, ಫಾಗ್ ಲೈಟ್ ಆನ್, ವೈಪರ್ ಆನ್, ಹಿಂದಿನ ಗಾಜಿನ ಹೀಟರ್ ಆನ್, ಬ್ಲೋವರ್ ನಾಲ್ಕರಲ್ಲಿ, ಮಕ್ಕಳ ಫೋನುಗಳು ಚಾರ್ಜಿಗೆ. ಗಾಡಿ ಮಾತ್ರ ಆಮೆ ನಡಿಗೆ. ಆಗ ಶುರುವಾಯಿತಂತೆ ನೋಡಿ, ಇಂಜಿನ್ ಗಡಗಡ ನಡುಗೋದು, ಜರ್ಕ್ ಹೊಡೆಯೋದು, ಕಾಲು ತೆಗೆದರೆ ಆಫ್ ಆಗೋ ಹಾಗೆ ಆಡೋದು. ರೇಸ್ ಕೊಟ್ಟರೆ ಸರಿ, ಬಿಟ್ಟರೆ ಮತ್ತೆ ಅದೇ ರಾಗ. ಮೀಟರಿನ ಪಕ್ಕ ಬ್ಯಾಟರಿ ಗುರುತಿನ ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಮಿಣಕ್ ಅಂತಿತ್ತಂತೆ. ಮೊಮ್ಮಗಳು ಬೆರಳಿಟ್ಟು ತೋರಿಸಿದ್ದಾಳೆ. "ಅದು ಹಾಗೇ ಕಣಮ್ಮ, ಹೋಗುತ್ತೆ ಬರುತ್ತೆ" ಅಂದರಂತೆ ಮೇಷ್ಟ್ರು.

ಅಲ್ಲೇ ಇರೋದು ಮಜಾ. ಡೈನಮೋ ತಿರುಗೋದು ಇಂಜಿನ್ನಿನ ಬೆಲ್ಟಿನಿಂದ ತಾನೆ? ಇಂಜಿನ್ ಐಡ್ಲಿಂಗಿನಲ್ಲಿದ್ದಾಗ ಅದು ತನ್ನ ಪೂರ್ತಿ ಶಕ್ತಿಯ ಅರ್ಧ ಕರೆಂಟು ಕೊಟ್ಟರೆ ದೊಡ್ಡದು. ಬೆಳಗಿನ ಜಾವದ ಬೆಟ್ಟದ ಕ್ಯೂನಲ್ಲಿ ಖರ್ಚು ಗರಿಷ್ಠ, ಆದಾಯ ಕನಿಷ್ಠ. ಡೈನಮೋ ಗಟ್ಟಿಯಾಗಿದ್ದರೆ ಹೇಗೋ ನಿಭಾಯಿಸುತ್ತೆ. ಅದರೊಳಗಿನ ಕಾರ್ಬನ್ ಬ್ರಷ್ ಸವೆದಿದ್ದರೆ ಬಣ್ಣ ಬಯಲಾಗೋದು ಸರಿಯಾಗಿ ಅಲ್ಲೇ. ಅದೇ ಗಾಡಿಯನ್ನು ಹಗಲು ಹನ್ನೊಂದಕ್ಕೆ ಮೆಕ್ಯಾನಿಕ್ ಮುಂದೆ ನಿಲ್ಲಿಸಿ, ಲೈಟಿಲ್ಲ, ಬ್ಲೋವರ್ ಇಲ್ಲ, ಗುಂಡುಕಲ್ಲಿನ ಹಾಗಿರುತ್ತೆ. "ಏನೂ ಇಲ್ಲ ಸಾರ್, ಸ್ವಲ್ಪ ಟ್ಯೂನಿಂಗ್ ಮಾಡ್ಕೊಡ್ತೀನಿ" ಅಂತಾನೆ. ಅವನ ತಪ್ಪೂ ಅಲ್ಲ ಬಿಡಿ.

ಕರೆಂಟು ಸಾಲದೆ ಇಂಜಿನ್ ನಡುಗೋ ಈ ಕಾಯಿಲೆ ಹಳೇ ಕಾಲದ ಗಾಡಿಗಳಿಗೆ ಇರಲಿಲ್ಲ. ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿನ ಕ್ಯಾಮ್‌ನಿಂದಲೇ ಓಡುತ್ತಿತ್ತು, ಪೆಟ್ರೋಲ್ ಬೆರೆಸೋಕೆ ಕಾರ್ಬ್ಯುರೇಟರ್. ಕರೆಂಟು ಬೇಕಾಗಿದ್ದದ್ದು ಕಿಡಿ ಹಾರಿಸೋ ಕಾಯಿಲ್‌ಗೆ, ಅದೂ ಮೂರ್ನಾಲ್ಕು ಆಂಪಿಯರ್. ಡೈನಮೋ ಸತ್ತರೂ ಹಗಲು ಹೊತ್ತಾದರೆ ಚಿಂತಾಮಣಿಯಿಂದ ಬೆಂಗಳೂರು ಮುಟ್ಟಬಹುದಿತ್ತು.

ಪದ್ಮಿನಿ ಅಂದ ಕೂಡಲೇ ನೆನಪಾಯಿತು ನೋಡಿ. ಆ ಕಾರಿನ ಬೇರು ನಮ್ಮ ಬೆಟ್ಟದ ಬುಡದಲ್ಲೇ ಇದೆ ಅಂದರೆ ಈಗಿನ ಹುಡುಗರು ನಗ್ತಾರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯುರೋಪು ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದು, ಇಲ್ಲೇ ಕಾರು ಮಾಡಬೇಕು ಅಂತ ಯೋಜನೆ ಬರೆದರು. ಜೊತೆಗೆ ಬೊಂಬಾಯಿಯ ವಾಲ್‌ಚಂದ್ ಹೀರಾಚಂದ್. ಮೈಸೂರು ಸರ್ಕಾರ ಕಾರ್ಖಾನೆಯನ್ನು ಬೆಂಗಳೂರಿಗೆ ತರಲು ನೋಡಿತು, ಬ್ರಿಟಿಷರ ಸರ್ಕಾರ ಒಪ್ಪಲಿಲ್ಲ. 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಪದ್ಮಿನಿ ಬಂದದ್ದು ಆ ಕಂಪನಿಯಿಂದಲೇ. ನಮ್ಮೂರಿಗೆ ಬಂದಿದ್ದರೆ? ಇರಲಿ, ಆ ಮಾತೆತ್ತಿದರೆ ಮೇಷ್ಟ್ರು ಮಧ್ಯಾಹ್ನದ ಊಟಕ್ಕೂ ಏಳೋದಿಲ್ಲ.

ಮತ್ತೆ ಡೈನಮೋ ಮಾತಿಗೆ ಬಂದರೆ, ಹಳೇ ಡೀಸೆಲ್ ಬಸ್ಸುಗಳದ್ದಂತೂ ಇನ್ನೂ ಚೆಂದ. ಶಿಡ್ಲಘಟ್ಟದ ಕಡೆ ರಾತ್ರಿ ಓಡುತ್ತಿದ್ದ ಪ್ರೈವೇಟ್ ಬಸ್ಸುಗಳು ಜ್ಞಾಪಕ ಇವೆಯಾ? ಸ್ಟಾಪಿನಲ್ಲಿ ನಿಂತರೆ ಹೆಡ್‌ಲೈಟ್ ಕೆಂಪಗೆ ಮಂಕಾಗೋದು, ಡ್ರೈವರ್ ರೇಸ್ ಕೊಟ್ಟರೆ ಬೆಳಗೋದು. ಅಂಥ ಡ್ರೈವರುಗಳು ಬಸ್ಸನ್ನು ಯಾವತ್ತೂ ಸಪಾಟು ಜಾಗದಲ್ಲಿ ಆಫ್ ಮಾಡುತ್ತಿರಲಿಲ್ಲ, ಇಳಿಜಾರು ಹುಡುಕುತ್ತಿದ್ದರು. ಇಳಿಜಾರು ಸಿಗದಿದ್ದರೆ "ಗಂಡಸರೆಲ್ಲಾ ಸ್ವಲ್ಪ ಇಳೀರಪ್ಪಾ" ಅನ್ನೋದು ಕಂಡಕ್ಟರ್. ಆದರೆ ಒಮ್ಮೆ ಸ್ಟಾರ್ಟ್ ಆಯಿತೋ, ಡೈನಮೋ ಇರಲಿ ಬಿಡಲಿ, ಡೀಸೆಲ್ ಇರೋವರೆಗೂ ಇಂಜಿನ್ ಬಡಿದುಕೊಳ್ಳುತ್ತಿತ್ತು. ಈಗಿನ ಡೀಸೆಲ್ ಪಿಕಪ್‌ಗಳ ಕಥೆ ಬೇರೆ. ರೇಷ್ಮೆ ಗೂಡಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೊರಟ ಗಾಡಿ ದಾರಿಯಲ್ಲಿ ಕರೆಂಟಿಲ್ಲದೆ ನಿಂತರೆ, ಒಳಗಿರೋದು ಜೀವಂತ ಹುಳ ಸ್ವಾಮಿ, ಚೀಲದಲ್ಲೇ ಕಾವು ಹೆಚ್ಚಿ ಗೂಡು ಕೆಡುತ್ತೆ. ರೇಟು ಬಿದ್ದಮೇಲೆ ಡೈನಮೋವನ್ನು ಬೈದರೆ ಏನು ಬಂತು?

ಈಗಿನ ಕಾರಿನಲ್ಲಿ ಏನಾಗುತ್ತೆ ಅಂದರೆ, ಇಂಜೆಕ್ಟರ್ ಅನ್ನೋದೊಂದು ಇದೆಯಲ್ಲ, ಕರೆಂಟಿನಿಂದ ತೆರೆದುಕೊಳ್ಳೋ ಪುಟ್ಟ ನಲ್ಲಿ, ಅದಕ್ಕೆ 14 ವೋಲ್ಟ್ ಸಿಕ್ಕರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಅಥವಾ ಅದಕ್ಕೂ ಬೇಗ ತೆರೆಯುತ್ತೆ. ವೋಲ್ಟೇಜ್ ಇಳಿದಂತೆ ತೆರೆಯೋದು ನಿಧಾನ. ಐಡ್ಲಿಂಗಿನಲ್ಲಿ ಅದು ತೆರೆದಿರೋದೇ ಎರಡು ಮೂರು ಮಿಲಿಸೆಕೆಂಡ್, ಅದರಲ್ಲಿ ಅರ್ಧ ಮಿಲಿಸೆಕೆಂಡ್ ಹೋದರೆ ಪೆಟ್ರೋಲ್ ಎಷ್ಟು ಕಮ್ಮಿಯಾಯಿತು ನೀವೇ ಲೆಕ್ಕ ಹಾಕಿ. ಟ್ಯಾಂಕಿನೊಳಗಿನ ಪಂಪೂ ನಿಧಾನ ತಿರುಗಿ ಒತ್ತಡ ಇಳಿಸುತ್ತೆ. ಕಾಯಿಲ್ ಪೂರ್ತಿ ತುಂಬಿಕೊಳ್ಳೋಕೆ ಹೊತ್ತು ಸಾಲದೆ ಕಿಡಿಯೂ ಸಣ್ಣಗಾಗುತ್ತೆ. ಇವೆಲ್ಲವನ್ನೂ ಇಂಜಿನ್ನಿನ ಕಂಪ್ಯೂಟರ್ ತೂಗಿಸಿಕೊಂಡು ಹೋಗುತ್ತೆ, ನೆಂಟರು ಹೆಚ್ಚಾದಾಗ ಹುರುಳಿ ಸಾರಿಗೆ ಇನ್ನೊಂದು ಚೊಂಬು ನೀರು ಹೊಯ್ದು ಎಲ್ಲರಿಗೂ ಬಡಿಸೋ ಅಜ್ಜಿಯ ಹಾಗೆ. ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತೆ, ಕಾಯಿಲನ್ನು ಬೇಗ ಚಾಲೂ ಮಾಡುತ್ತೆ. ಹಾಗಾಗಿ ಬಹಳ ದಿನ ಯಾರಿಗೂ ಗೊತ್ತೇ ಆಗೋದಿಲ್ಲ.

ಮೇಷ್ಟ್ರೂ ಕಾರನ್ನು ಟ್ಯೂನಿಂಗಿಗೆ ಕೊಟ್ಟರು. ಮೆಕ್ಯಾನಿಕ್ ಪ್ಲಗ್ ಹೊಸದು ಹಾಕಿದ, ಥ್ರಾಟಲ್ ತೊಳೆದ, ಲ್ಯಾಪ್‌ಟಾಪ್ ಹಚ್ಚಿ ಐಡ್ಲಿಂಗ್ ಸ್ವಲ್ಪ ಏರಿಸಿದ. ಗಾಡಿ ಸರಿಹೋಯಿತು! ಹೋಗದೆ ಏನು, ಐಡ್ಲಿಂಗ್ ಏರಿದರೆ ಡೈನಮೋನೂ ಜೋರಾಗಿ ತಿರುಗುತ್ತಲ್ಲ. ಮೇಷ್ಟ್ರು ಓಣಿಯಲ್ಲೆಲ್ಲಾ ಅವನನ್ನು ಹೊಗಳಿದ್ದೇ ಹೊಗಳಿದ್ದು. ಬ್ರಷ್ ಇನ್ನೊಂಚೂರು ಸವೆಯೋವರೆಗೆ.

ಇನ್ನೊಂದು ಸಾರಿ ಬೆಟ್ಟಕ್ಕೆ ಹೋದಾಗ ಮೇಲಿನ ಪಾರ್ಕಿಂಗಿನಲ್ಲಿ ಸೆಲ್ಫ್ ಟಕ್ ಟಕ್ ಅಂದು ಸುಮ್ಮನಾಯಿತು. ತಳ್ಳಿ ಇಳಿಜಾರಿಗೆ ಬಿಡಿ, ಸ್ಟಾರ್ಟ್ ಆಗುತ್ತೆ ಅಂತ ಯಾರೋ ಪುಣ್ಯಾತ್ಮರು ಹೇಳಿದರಂತೆ. ನಂದಿ ಬೆಟ್ಟದ ತಿರುವಿನಲ್ಲಿ! ಇಂಜಿನ್ ಆಫ್ ಇದ್ದರೆ ಪವರ್ ಸ್ಟೀರಿಂಗ್ ಬಿಗಿ, ಬ್ರೇಕು ಎರಡು ಮೂರು ಸಾರಿ ಒತ್ತಿದ ಮೇಲೆ ಕಲ್ಲು. ಸಾಲದ್ದಕ್ಕೆ ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಂಪ್ಯೂಟರೂ ಏಳೋದಿಲ್ಲ, ಪಂಪೂ ಏಳೋದಿಲ್ಲ, ಎಷ್ಟು ತಳ್ಳಿದರೂ ಅಷ್ಟೇ. ಮೇಷ್ಟ್ರ ಹೆಂಡತಿ ಬೇಡವೇ ಬೇಡ ಅಂದದ್ದಕ್ಕೆ ಬಚಾವ್. ಪಕ್ಕದ ಕಾರಿನವರ ಹತ್ತಿರ ಕೇಬಲ್ ಇಸಕೊಂಡು ಸ್ಟಾರ್ಟ್ ಮಾಡಿ, ಬೆಳಕು ಬಂದ ಮೇಲೆ ಲೈಟು ಬ್ಲೋವರ್ ಎಲ್ಲಾ ಆಫ್ ಮಾಡಿಕೊಂಡು ಇಳಿದು ಬಂದರು. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್‌ನದ್ದು, ಎಲ್ಲಾ ಹಾಕಿಕೊಂಡು ಬಂದರೆ ಕಾಗದದ ಮೇಲೂ ಒಂದು ಗಂಟೆಯ ಮಾತು.

ಕೊನೆಗೆ ಕಾಯಿಲೆ ಕಂಡುಹಿಡಿದದ್ದು ಚಿಕ್ಕಬಳ್ಳಾಪುರದ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್. ಅವರ ಕೈಚಳಕ ನೋಡಬೇಕಿತ್ತು. ಮೊದಲು ಕೀ ಆನ್ ಮಾಡಿಸಿ ಡೈನಮೋದ ಹಿಂಭಾಗಕ್ಕೆ ಸ್ಕ್ರೂ ಡ್ರೈವರ್ ತುದಿ ಹಿಡಿದರು. ಒಳಗೆ ಕರೆಂಟ್ ಹೋಗಿ ಆಯಸ್ಕಾಂತ ಎದ್ದಿದ್ದರೆ ಕಬ್ಬಿಣ ಸೆಳೆಯಬೇಕು. ಸೆಳೆದರೂ ಸೆಳೆಯದ ಹಾಗಿತ್ತು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿಸಿ, ಹಗಲಲ್ಲೇ ಹೆಡ್‌ಲೈಟು, ಬ್ಲೋವರು, ವೈಪರು ಎಲ್ಲಾ ಹಾಕಿಸಿ ಬ್ಯಾಟರಿಗೆ ಮೀಟರ್ ಹಿಡಿದರು. 14ರ ಹತ್ತಿರ ಇರಬೇಕಾದದ್ದು 12ಕ್ಕೆ ಇಳಿದು ಕೂತಿತ್ತು. ಮೇಷ್ಟ್ರು ತಮ್ಮ ಜ್ಞಾನ ತೋರಿಸೋಕೆ, "ಇಂಜಿನ್ ಓಡ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ನೋಡಿದರೆ ಗೊತ್ತಾಗಲ್ವೇನ್ರೀ?" ಅಂದರು. ಜೀಪಿನ ಕಾಲದ ಉಪಾಯ ಅದು. ಎಲೆಕ್ಟ್ರಿಷಿಯನ್ ಮುಖ ನೋಡಬೇಕಿತ್ತು! "ಹಾಗೆ ಕಿತ್ತರೆ ವೋಲ್ಟೇಜ್ ಒಂದೇ ಏಟಿಗೆ ಮೇಲೆ ಹಾರುತ್ತೆ ಮೇಷ್ಟ್ರೇ, ಡಯೋಡು, ಕಂಪ್ಯೂಟರು ಎರಡೂ ಹೋದರೆ ಡೈನಮೋ ಖರ್ಚು ನಿಮಗೆ ಪ್ರಸಾದ ಅನ್ನಿಸುತ್ತೆ."

ಬಿಚ್ಚಿದರೆ ಕಾರ್ಬನ್ ಬ್ರಷ್ ಎರಡೂ ಸವೆದು ಚೂರಷ್ಟೇ ಉಳಿದಿದ್ದವು. ಕಾಯುತ್ತಾ ಕೂತಾಗ ಅವರು ಇನ್ನೊಂದು ವಿಚಿತ್ರ ಹೇಳಿದರು. ಹಳೇ ತರಹದ ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಆ ಕೆಂಪು ಚಾರ್ಜಿಂಗ್ ಬಲ್ಬು ಬರೀ ಸೂಚನೆಗಲ್ಲವಂತೆ, ಡೈನಮೋವನ್ನು ಎಬ್ಬಿಸೋ ಮೊದಲ ಕರೆಂಟು ಹೋಗೋದೇ ಅದರ ಮೂಲಕ. ಬಲ್ಬ್ ಸುಟ್ಟರೆ ಜೋರಾಗಿ ರೇಸ್ ಕೊಡೋವರೆಗೂ ಚಾರ್ಜಿಂಗೇ ಇಲ್ಲ. ಚಿಲ್ಲರೆ ಕಾಸಿನ ಬಲ್ಬಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡವರು ಎಷ್ಟು ಜನವೋ!

ಬೆಂಗಳೂರಿನ ಹುಡುಗರ ಕಾರುಗಳ ಬಗ್ಗೆ ಕೇಳಿದರೆ ಮಾತ್ರ ಆ ಮನುಷ್ಯನಿಗೆ ಸಿಟ್ಟೇ ಬರುತ್ತೆ. ಡಿಕ್ಕಿ ತುಂಬಾ ವೂಫರ್, ಒಂದೊಂದು ಗುದ್ದಿಗೂ ಹೆಡ್‌ಲೈಟ್ ಕಣ್ಣು ಮಿಟುಕಿಸುತ್ತೆ, ಅದರ ಮೇಲೆ ಕಂಪ್ಯೂಟರಿನ ಪೆಟ್ರೋಲ್ ಲೆಕ್ಕವನ್ನೇ ತಿದ್ದಿ ಬರೆಸೋ ರೀಮ್ಯಾಪ್ ಬೇರೆ. ವೋಲ್ಟೇಜ್ ಸೊರಗಿದ್ದಾಗ ಪೆಟ್ರೋಲ್ ಲೆಕ್ಕ ಬರೆದರೆ ಡೈನಮೋ ಸರಿಯಾದ ದಿನ ಆ ಲೆಕ್ಕವೆಲ್ಲಾ ಹೆಚ್ಚಾಗಿ ಹೊಗೆ ಕಪ್ಪಗೆ ಬರುತ್ತೆ ಅಂತಾರೆ. ಮೊದಲು ಚಾರ್ಜಿಂಗ್ ನೋಡು, ಆಮೇಲೆ ಟ್ಯೂನಿಂಗ್ ಮಾಡು ಅನ್ನೋದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತೆ.

ಮೇಷ್ಟ್ರ ಕಾರಿಗೂ ಅದೇ ಸಣ್ಣ ಪ್ರಮಾಣದಲ್ಲಿ ಆಗಿದೆ. ಬ್ರಷ್ ಹಾಕಿಸಿದ ಮೇಲೂ ವಾಸನೆ ಸ್ವಲ್ಪ ಪೆಟ್ರೋಲ್ ಪೆಟ್ರೋಲ್, ಐಡ್ಲಿಂಗ್ ಕೊಂಚ ಏರುಪೇರು. ಕಂಪ್ಯೂಟರ್ ಇಷ್ಟು ದಿನ ಕಮ್ಮಿ ಕರೆಂಟಿಗೆ ಒಗ್ಗಿಕೊಂಡಿತ್ತಲ್ಲ, ಕಲಿತದ್ದನ್ನು ಮರೆಯೋಕೆ ಒಂದಿಷ್ಟು ಓಡಬೇಕಂತೆ, ಊರೊಳಗೂ ಹೈವೇನಲ್ಲೂ. ಅದೇ ನೆಪ ಸಾಕಾಯಿತು ನೋಡಿ, ಭಾನುವಾರ ಗೌರಿಬಿದನೂರು ದಾಟಿ ವಿದುರಾಶ್ವತ್ಥಕ್ಕೆ ಹೊರಟಿದ್ದಾರೆ. ಹೆಂಡತಿ ಚಿತ್ರಾನ್ನ ಕಟ್ಟಿಕೊಳ್ತಾರಂತೆ. ಹಿಂದೆ ಒಂದು ಸೀಟು ಖಾಲಿ ಇದೆ ಅಂತಿದ್ದರು, ನೀವೂ ಹೋಗಿಬರ್ತೀರಾ ಹೇಗೆ?