ಬಾಣಲೆ ಹಿಡಿದು ನಿಂತವನು

ನಮ್ಮ ಮನೆಯ ಗೋಡೆ ಅಜ್ಜ ಕಟ್ಟಿಸಿದ್ದು. ಮಣ್ಣಿನದು, ದಪ್ಪ ಒಂದೂವರೆ ಮೊಳ. ಅದಕ್ಕೆ ಕನ್ನ ಕೊರೆಯಲು ಕಳ್ಳರಿಗೂ ಆಗಲಿಲ್ಲ, ವೈಫೈಗೂ ಆಗಲಿಲ್ಲ. ಜಗಲಿಯಲ್ಲಿ ರೌಟರ್, ಉಪ್ಪರಿಗೆಯಲ್ಲಿ ಮಗಳ ಆಫೀಸು. ಮಳೆಗಾಲದಲ್ಲಿ ಗೋಡೆ ನೀರು ಕುಡಿದು ಕೂತಮೇಲಂತೂ ಬರುವ ಒಂದು ಕಡ್ಡಿಯೂ ಕರಗಿಹೋಗುತ್ತದೆ. ರಿಪೇರಿಯ ಹುಡುಗ ಬಂದ, ಕಾಫಿ ಕುಡಿದ, "ಸಿಗ್ನಲ್ ಫುಲ್ ಇದೆ ಸಾರ್, ನಿಮ್ಮ ಮನೆಯೇ ಸರಿಯಿಲ್ಲ" ಎಂದು ಎದ್ದುಹೋದ. ಮೂರು ತಲೆಮಾರು ಬಾಳಿದ ಮನೆಗೆ!

ಆ ಸಿಟ್ಟಿನಲ್ಲೇ ಅಟ್ಟ ಹತ್ತಿ, ಶ್ರಾದ್ಧಕ್ಕೆ ವಡೆ ಕರಿಯುವ ಬಾಣಲೆ ಇಳಿಸಿದೆ. ಬಾಯಿ 40 ಸೆಂಟಿಮೀಟರ್, ಆಳ 10. ಅಗಲದ ವರ್ಗವನ್ನು ಆಳದ 16 ಪಟ್ಟಿನಿಂದ ಭಾಗಿಸಿದರೆ ಪರವಲಯದ ನಾಭಿ: ಸರಿಯಾಗಿ 10 ಸೆಂಟಿಮೀಟರ್. ನೀನು ಪರವಲಯವೇ ಎಂದು ಬಾಣಲೆಯನ್ನು ಯಾರೂ ಕೇಳಲಿಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಒಂದು ಬಾಳೆಹಣ್ಣಿನಷ್ಟು. ಇಷ್ಟಗಲ ಬಾಣಲೆಯಿಂದ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ?

ರೌಟರನ್ನು ಸ್ಟೂಲಿನ ಮೇಲಿಟ್ಟು, ಹಿಂದಿನಿಂದ ಬಾಣಲೆಯನ್ನು ಓರೆಯಾಗಿ ಉಪ್ಪರಿಗೆಯತ್ತ ಹಿಡಿದೆ.

"ಅಪ್ಪಾ, ಬಂತು! ಅಲ್ಲಾಡ್ಬೇಡ! ಅರ್ಧ ಗಂಟೆ ಮೀಟಿಂಗು!"

ಮೊದಲ ಐದು ನಿಮಿಷ ನಾನು ಗೋವರ್ಧನ ಎತ್ತಿದ ಕೃಷ್ಣ. ಹತ್ತನೆಯ ನಿಮಿಷಕ್ಕೆ ರಟ್ಟೆ ನಡುಗತೊಡಗಿತು. ಹಳೆಯ ಎಣ್ಣೆಯ ಜಿಡ್ಡು ಹುಡುಕಿ ಬಂದ ಇರುವೆಗಳು ನನ್ನ ಮೊಣಕೈಯನ್ನೇ ಸೇತುವೆ ಮಾಡಿಕೊಂಡವು. ಅಷ್ಟರಲ್ಲಿ ಮಗನ ಉಪನಯನದ ಕರೆಯ ಹೇಳಲು ಕೆಳಗಿನಮನೆ ಹೆಗಡೇರು ಬಂದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಿದು, ಹರಕೆಯೋ?" ಎಂದರು.

"ಇಲ್ಲ, ಇಂಟರ್‌ನೆಟ್ಟು."

ಹತ್ತಿರದಿಂದ ನೋಡಲು ಬಾಣಲೆಯ ಎದುರಿಗೇ ಬಂದು ನಿಂತರು. ಮೇಲಿನಿಂದ "ಹೋಯ್ತು!" ಎಂಬ ಕೂಗು. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ನೀರು ಈ ಅಲೆಯನ್ನು ಹೀರುತ್ತದೆ, ಹೆಗಡೇರದ್ದೋ ಕೊಪ್ಪರಿಗೆಯಂಥ ದೇಹ. ಪಕ್ಕಕ್ಕೆ ಸರಿದರು. "ಬಂತು!" ಅವರ ಕಣ್ಣು ಅರಳಿತು. ಮತ್ತೆ ಎದುರು ಬಂದರು. "ಹೋಯ್ತು!" ಸರಿದರು. "ಬಂತು!" ಅರವತ್ತು ವರ್ಷದಲ್ಲಿ ತಮ್ಮಿಂದ ಇಷ್ಟು ಬೇಗ ಏನಾದರೂ ಆದದ್ದನ್ನು ಅವರು ಕಂಡಿರಲಿಲ್ಲವೇನೋ, ಏಳೆಂಟು ಸಲ ಮಾಡಿ ನೋಡಿದರು. ಕೊನೆಗೆ ಕರೆಯೋಲೆಯನ್ನು ನನ್ನ ಪಂಚೆಯ ಸೊಂಟಕ್ಕೆ ಸಿಕ್ಕಿಸಿ, "ಇಬ್ಬರೂ ಬನ್ನಿ, ಇದನ್ನ ಇಳಿಸಿ ಬನ್ನಿ" ಎಂದು ಹೋದರು.

ಆ ಸಂಜೆಯೇ ಬಾಣಲೆಯನ್ನು ಹಗ್ಗದಿಂದ ಕಟ್ಟಿದೆ. ಒಂದು ಕಡ್ಡಿ ಮೂರಾಯಿತು. ನಾಲ್ಕು ದಿನ ಬೀಗಿದೆ.

ಐದನೆಯ ದಿನ ನೋಡಿದರೆ, ಹಿಂದಿನ ಕೋಣೆಯಲ್ಲಿ ಅಮ್ಮ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ. ರಾತ್ರಿ ಎಂಟಕ್ಕೆ ಅಮೆರಿಕದಿಂದ ತಮ್ಮ ಮಾತಾಡುವ ಹೊತ್ತು. ಬಾಣಲೆ ಸಿಗ್ನಲ್ ಹುಟ್ಟಿಸುವುದಿಲ್ಲ, ಬೆನ್ನ ಹಿಂದಿನವರ ಪಾಲನ್ನು ಕಿತ್ತು ಎದುರಿನವರಿಗೆ ಬಡಿಸುತ್ತದೆ. ಲೆಕ್ಕ ಹಾಕಿದವನಿಗೆ ಅದು ಗೊತ್ತಿರಬೇಕಿತ್ತು.

"ಹೇಳಬಾರದಿತ್ತೇನಮ್ಮ?"

"ಅವನಿಗೇನೋ ಕೆಲಸ ಇರಬೇಕು ಅಂದ್ಕೊಂಡೆ."

ಈಗ ಎಂಟಕ್ಕೆ ಐದು ನಿಮಿಷ ಇರುವಾಗ ಬಾಣಲೆಯನ್ನು ಹಿಂದಿನ ಕೋಣೆಯತ್ತ ತಿರುಗಿಸುತ್ತೇನೆ. ಉಪ್ಪರಿಗೆಯಿಂದ "ಹೋಯ್ತು!" ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಿಂದ, ಅಮೆರಿಕಕ್ಕೆ ನೇರವಾಗಿ ಕೇಳಿಸುವಷ್ಟು ದೊಡ್ಡ ದನಿಯಲ್ಲಿ, "ತಿಂಡಿ ಆಯ್ತೇನೋ?"